ಬಲಕ್ಕೆ ತಿರುಗುವ ನಟ್ಟು

ನಮ್ಮ ಸ್ಪ್ಯಾನರಜ್ಜನ ಕೈಗೆ ಬಿಚ್ಚದ ನಟ್ಟು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ನೇಗಿಲು, ಟ್ರೇಲರು, ಪಂಪು, ಯಾವುದರದ್ದೇ ಇರಲಿ, ಅವನು ರಸ್ತೆಯ ತಿರುವಿನಲ್ಲಿ ಕೆಮ್ಮಿದರೆ ಸಾಕು, ಇಲ್ಲಿ ಅವನ ರಿಪೇರಿ ಶೆಡ್ಡಿನಲ್ಲಿ ತುಕ್ಕು ತಾನಾಗಿ ಉದುರುತ್ತದೆ. ಅವನು ಬಿಚ್ಚಿದ ನಟ್ಟುಗಳನ್ನು ಸಾಲಾಗಿಟ್ಟರೆ ಚಂದ್ರನನ್ನು ಮುಟ್ಟಿ, ವಾಪಸು ಬರುವಾಗ ಹತ್ತು ಗಜ ಕಡಿಮೆ ಬೀಳಬಹುದು, ಅಷ್ಟೇ.

ಪದ್ಧತಿ ಮಾತ್ರ ನಿಧಾನದ್ದು. ಸೀಮೆಎಣ್ಣೆ ಬೆರೆಸಿದ ಎಣ್ಣೆ ನಾಲ್ಕು ಹನಿ, ಸುತ್ತಲೂ ಸುತ್ತಿಗೆಯ ಮೆಲ್ಲನೆಯ ತಟ್ಟು, ಆಮೇಲೆ ಒಂದು ಗಂಟೆ ಕಾಯುವುದು. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದ. "ಹಿಡ್ಕೊಂಡಿರೋರನ್ನ ಒಮ್ಮೆಗೇ ಎಳೀಬಾರ್ದು," ಎನ್ನುತ್ತಿದ್ದ.

ಈಚೆಗೆ ಅಜ್ಜನಿಗೆ ಮರೆವು ಶುರುವಾಗಿತ್ತು. ಎಣ್ಣೆ ಡಬ್ಬಿ ಕೈಯಲ್ಲೇ ಹಿಡಿದು ಶೆಡ್ಡೆಲ್ಲ ಎಣ್ಣೆ ಡಬ್ಬಿ ಹುಡುಕುತ್ತಿದ್ದ. ಇದು ಅಜ್ಜಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಶೆಡ್ಡಿಗೆ ಯಾರೂ ಬರುವುದಿಲ್ಲ. ಯಾರೂ ಬಾರದಿದ್ದರೆ ಅಜ್ಜನಿಗೆ ಬೆಳಗ್ಗೆ ಏಳಲು ಕಾರಣವೇ ಇರುವುದಿಲ್ಲ.

ಒಂದು ಬೆಳಗ್ಗೆ, ಹಸು ಸಾಕಿ ಮನೆಮನೆಗೆ ಹಾಲು ಹಾಕುವ ಹಾಲಿನಕ್ಕ ಹುಲ್ಲು ಕತ್ತರಿಸುವ ಯಂತ್ರ ತಂದಳು. ಬ್ಲೇಡು ಮೊಂಡಾಗಿತ್ತು. ನಟ್ಟು ಬಿಚ್ಚಿದರೆ ತಾನೇ ಸಾಣೆ ಹಿಡಿಯುವುದು?

"ಬೇಗ ಅಜ್ಜ, ಎಂಟು ಹಸು ಬಾಯಿ ತೆರ್ಕೊಂಡು ನಿಂತಿವೆ."

ಸಾಮಾನ್ಯವಾಗಿ ನಟ್ಟು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಈ ಬ್ಲೇಡಿನದು ಉಲ್ಟಾ, ಬಲಕ್ಕೆ ತಿರುಗಿಸಬೇಕು. ಸುತ್ತಲಿನ ಮೆಕ್ಯಾನಿಕ್‌ಗಳಿಗೆಲ್ಲ ಇದನ್ನು ಹೇಳಿಕೊಟ್ಟವನೇ ಅಜ್ಜ. ಈಗ ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ ಎಡಕ್ಕೆ ಎಳೆದ. ಮತ್ತೊಮ್ಮೆ ಎಡಕ್ಕೇ. ಕುತ್ತಿಗೆಯ ನರ ಉಬ್ಬಿತು.

"ಅಜ್ಜ, ಅದು ಬಿಗಿ ಆಗ್ತಿರೋ ಹಾಗಿದೆಯಲ್ಲ?" ಎಂದಳು ಹಾಲಿನಕ್ಕ.

ಮೂಲೆಯಲ್ಲಿ ಒರೆಸುವ ಬಟ್ಟೆ ಹರಿಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. "ಮೊದ್ಲು ಬಿಗಿ ಮಾಡೇ ಬಿಚ್ಚೋದು ಕಣಮ್ಮ. ಅವರ ಪದ್ಧತಿ ನಿಂಗೊತ್ತಿಲ್ವಾ? ರೀ, ಅಷ್ಟು ಸಾಕು. ಈಗ ಬಲಕ್ಕೆ ತಿರುಗಿಸಿ."

ಅಜ್ಜ ಒಂದು ಗಳಿಗೆ ನಟ್ಟನ್ನೇ ನೋಡಿದ. ಬಲಕ್ಕೆ ಎಳೆದ. ಆಗಲೇ ಅತಿಯಾಗಿ ಬಿಗಿದುಹೋಗಿದ್ದ ಬೋಲ್ಟೇ ಟಕ್ಕೆಂದು ಮುರಿದು ಬಂತು.

ಹಾಲಿನಕ್ಕ ಬೈದಿದ್ದರೂ ವಾಸಿಯಿತ್ತು. "ಹಳೇದು, ಬಿಡಿ," ಎಂದು ಯಂತ್ರವನ್ನು ಗಾಡಿಗೇರಿಸಿ ಪೇಟೆಯ ದಾರಿ ಹಿಡಿದಳು. ಸಂಜೆಯ ಹಾಲಿನ ಜೊತೆ ಸುದ್ದಿಯೂ ಮನೆಮನೆ ಸೇರುತ್ತದೆಂದು ಮೂವರಿಗೂ ಗೊತ್ತಿತ್ತು.

ಅಜ್ಜ ಸ್ಪ್ಯಾನರುಗಳನ್ನು ಒರೆಸಿ ಅಳತೆಯ ಪ್ರಕಾರ ಗೋಡೆಗೆ ತೂಗುಹಾಕತೊಡಗಿದ. ಎರಡು ಅದಲುಬದಲಾದವು. ಅಜ್ಜಿ ಎದ್ದು ಸರಿಮಾಡಲಿಲ್ಲ.

"ನಾಳೆಯಿಂದ ಪಕ್ಕದಲ್ಲೇ ಕೂತಿರ್ತೀನಿ," ಎಂದಳು. "ಯಾವ ಕಡೆ ತಿರುಗಿಸ್ಬೇಕು ಅಂತ ನಾನು ಹೇಳ್ತೀನಿ."

"ನಲವತ್ತು ವರ್ಷ ಕೇಳದೇ ಇದ್ರೂ ಹೇಳ್ದೋಳು ನೀನು," ಎಂದ ಅಜ್ಜ. "ಇವತ್ತು ಎರಡು ಸಲ ಎಡಕ್ಕೆ ಎಳೆಯೋವರೆಗೂ ಬಾಯಿಗೇನು ತುಕ್ಕು ಹಿಡಿದಿತ್ತಾ?"