ತೆಗೆಯದೆ ಬಿಟ್ಟ ಕೆಂಪು ಪಟ್ಟಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಫರಂಗಿಪೇಟೆಯಿಂದ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬ ಹೆಂಗಸಿನ ತುಟಿ, ಇಂಜೆಕ್ಷನ್ ಕೊಟ್ಟ ಸ್ವಲ್ಪದರಲ್ಲೇ ಊದತೊಡಗಿತು. ನಾನು ಗೋಡೆ ಗಡಿಯಾರದ ಕೆಳಗೇ ನಿಂತಿದ್ದೆ. ಡಾಕ್ಟರು ಓಡಿ ಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯ ನಂತರ ಆಕೆ ನೀರು ಕೇಳಿದರು. ಆ ಅರ್ಧ ಗಂಟೆ ಇವತ್ತಿಗೂ ನನ್ನ ತಲೆಯಲ್ಲಿ ಮೊದಲಿನಿಂದ ಓಡುತ್ತದೆ.

ಕಂಪ್ಯೂಟರಿಗೆ ದಪ್ಪ ಬೆನ್ನಿದ್ದ ಕಾಲ. ಮೂಡುಬಿದಿರೆಯ ಆ ಸಣ್ಣ ಕ್ಲಿನಿಕ್ಕಿಗೆ ರೋಗಿಗಳ ವಿವರ ತೋರಿಸುವ ಪ್ರೋಗ್ರಾಂ ಬರೆದುಕೊಟ್ಟವನು ನಾನು. ಯಾರಿಗಾದರೂ ಒಂದು ಔಷಧ ಆಗದಿದ್ದರೆ ಪರದೆಯ ಮೇಲ್ಭಾಗದಲ್ಲಿ ಕೆಂಪು ಪಟ್ಟಿ ಬರಬೇಕು. ಈ ಹೆಂಗಸಿಗೂ ಬಂದಿತ್ತು. ಆದರೂ ನರ್ಸ್ ಅದೇ ಔಷಧವನ್ನು ಚುಚ್ಚಿದ್ದರು.

ನನ್ನ ಸಂಶಯವೆಲ್ಲ ನರ್ಸ್ ಮೇಲೆ. ಕಣ್ಣು ಸರಿಯಿಲ್ಲವೋ, ಗಮನ ಬೇರೆಲ್ಲೋ? ಮರುದಿನ ಬಂಟ್ವಾಳದಿಂದ ಮೊದಲ ಬಸ್ಸಿಗೇ ಹೋಗಿ, ಅವರ ಬೆನ್ನ ಹಿಂದೆ ಕುರ್ಚಿ ಹಾಕಿ ಕುಳಿತೆ. ಕೆಂಪು ಪಟ್ಟಿ ಬಂತು. ಅವರು ಅದರತ್ತ ನೋಡಲೇ ಇಲ್ಲ.

"ಇದು ಕಾಣುವುದಿಲ್ಲವಾ ನಿಮಗೆ?"

"ಅದು ಯಾವಾಗಲೂ ಉಂಟಲ್ಲ ಸರ್! ಬೆಳಿಗ್ಗೆ ಒಬ್ಬರಿಗೆ ಬಂದರೆ ಮತ್ತೆ ಸಂಜೆವರೆಗೆ ಎಲ್ಲರಿಗೂ ಉಂಟು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕಲಿತವರು ಮಾಡಿದ್ದು. ಏನೋ ಕಾರಣ ಇರಬಹುದು ಅಂತ ಸುಮ್ಮನಾದೆ."

ಪ್ರೋಗ್ರಾಂನ ಸಾಲುಗಳನ್ನು ತೆರೆದು ನೋಡಿದೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋದಾಗ ಹೊಸ ಹೆಸರು, ಹೊಸ ವಯಸ್ಸು ಹಳೆಯದರ ಜಾಗದಲ್ಲೇ ಬರುತ್ತಿದ್ದವು. ಪಟ್ಟಿಯನ್ನು ಪರದೆಗೆ ಕರೆಸುವ ಸಾಲು ಬರೆದಿದ್ದೆ. ವಾಪಸು ಕಳಿಸುವ ಸಾಲು ಬರೆದಿರಲಿಲ್ಲ. ಪರೀಕ್ಷಿಸುವಾಗ ಪ್ರತಿ ಸಲ ಪ್ರೋಗ್ರಾಂ ಮುಚ್ಚಿ ಹೊಸದಾಗಿ ತೆರೆಯುತ್ತಿದ್ದೆನಾದ್ದರಿಂದ ನನಗೆಂದೂ ಕಂಡಿರಲಿಲ್ಲ. ಆ ಸಂಜೆ ಎಣಿಸಿ ನೋಡಿದರೆ ಒಂದರ ಮೇಲೊಂದು ಒಂಬತ್ತು ಪಟ್ಟಿಗಳು, ಕಣ್ಣಿಗೆ ಒಂದೇ.

ನರ್ಸಿಗೆ ವಿವರಿಸಿದೆ. ಅವರು ಸೊಂಟಕ್ಕೆ ಕೈಯಿಟ್ಟು ಕೇಳಿದರು: "ಎಂಜಲೆಲೆ ತೆಗೆಯದೆ ಎರಡನೇ ಪಂಕ್ತಿ ಕೂರಿಸುತ್ತಾರಾ ಮಾರಾಯ್ರೆ? ನಿಮ್ಮ ಮನೆಯಲ್ಲಿ ಹಾಗೆ ಉಂಟಾ?"

ಪರದೆ ಬದಲಾಗುವ ಮೊದಲು ಹಳೆಯದನ್ನೆಲ್ಲ ತೆಗೆಯುವಂತೆ ತಿದ್ದಿದೆ. ಆದರೂ ನಂಬಿಕೆ ಬರಲಿಲ್ಲ. ಎಲ್ಲೋ ಇನ್ನೊಂದು ತಪ್ಪು ಅಡಗಿರಬಹುದು. ವಾರಗಟ್ಟಲೆ ಅದೇ ಕುರ್ಚಿಯಲ್ಲಿ ಕುಳಿತು, ಪ್ರತಿ ರೋಗಿಯ ನಂತರ ಪರದೆಯಲ್ಲಿ ಏನು ಉಳಿದಿದೆಯೆಂದು ನೋಡಿದೆ. ಮನೆಯಲ್ಲಿ ಕಣ್ಣು ಮುಚ್ಚಿದರೆ ಆ ತುಟಿ, ನಡುರಾತ್ರಿ ಎಚ್ಚರ.

ಒಂದು ದಿನ ಆ ಹೆಂಗಸೇ ಮತ್ತೆ ಬಂದರು, ಸೊಸೆಯೊಂದಿಗೆ. ಪಟ್ಟಿ ಬಂತು. ನರ್ಸ್ ಕೈ ತಡೆದು, "ಇವರಿಗೆ ಇದು ಆಗದು" ಎಂದು ಒಳಗೆ ಹೋಗಿ ಡಾಕ್ಟರಿಂದ ಬೇರೆ ಔಷಧ ಬರೆಸಿಕೊಂಡು ಬಂದರು. ಮುಂದಿನವರು ಕಕ್ಕಿಂಜೆಯ ಒಬ್ಬ ಅಜ್ಜ. ಪರದೆಯ ಮೇಲ್ಭಾಗ ಖಾಲಿ.

"ಎಲೆ ತೆಗೆದದ್ದು ಉಂಟು," ಎಂದರು ನರ್ಸ್, ನನ್ನತ್ತ ತಿರುಗದೆ. "ಇನ್ನು ನಾಳೆಯಿಂದ ನನ್ನ ಬೆನ್ನು ಕಾಯಬೇಡಿ."

ಆ ರಾತ್ರಿ ನನಗೆ ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ.