ಕೇಳಿ ಬರೆಯುವುದನ್ನು ಬಿಡದ ಸಂಪಾದಕಿ

ಊರಿನ ಸುದ್ದಿಯನ್ನು ಊರಿನವರ ಬಾಯಿಂದಲೇ ಕೇಳಿ ಬರೆಯಬೇಕೆಂಬ ಹಟವನ್ನು ವೃತ್ತಿಯ ಉದ್ದಕ್ಕೂ ಬಿಡದವರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ಪತ್ರಿಕೆಯ ಸಂಪಾದಕಿಯವರದು ಎದ್ದು ಕಾಣುವ ಸ್ಥಾನ. ಸುದ್ದಿಮನೆಯಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕ. ವಯಸ್ಸಿನಲ್ಲಿ ಹಿರಿಯರಾದ ಮುದ್ರಣ ವಿಭಾಗದ ಮುಖ್ಯಸ್ಥರೂ ಹಾಗೆಯೇ ಕರೆಯುತ್ತಿದ್ದರು, ಬೈಸಿಕೊಂಡ ಮೇಲಂತೂ ಇನ್ನಷ್ಟು ವಿನಯದಿಂದ.

ಕರಡು ತಿದ್ದುವವರಾಗಿ ಸೇರಿ, ನ್ಯಾಯಾಲಯ, ಪುರಸಭೆಗಳ ವರದಿಗಾರ್ತಿಯಾಗಿ ಚಪ್ಪಲಿ ಸವೆಸಿ, ಸಂಪಾದಕರ ಕುರ್ಚಿಗೆ ಬಂದವರು ಅವರು. ವರದಿಗಾರರೊಬ್ಬರ ತಾಯಿ ಆಸ್ಪತ್ರೆ ಸೇರಿದಾಗ, ಸಂಪಾದಕಿಯೆಂಬ ಬಿಂಕವಿಲ್ಲದೆ ತಾವೇ ಪುರಸಭೆಯ ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಲಿನ ಕೆಲಸ ಮಾಡಿದರು.

ತಾನಾಗಿ ಸುದ್ದಿ ಬರೆಯುವ ತಂತ್ರಾಂಶವನ್ನು ಮಾಲೀಕರು ತಂದಾಗ ಅವರು ಮೂಗು ಮುರಿಯಲಿಲ್ಲ. ಹವಾಮಾನ, ಪಂದ್ಯಗಳ ಅಂಕ, ಪೇಟೆ ಧಾರಣೆಗಳನ್ನು ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರೆದುಕೊಡುವುದನ್ನು ಮೆಚ್ಚಿದ್ದರು. ಬರಬರುತ್ತಾ ಪೊಲೀಸ್ ಪ್ರಕಟಣೆಗಳೂ ಅದರ ಪಾಲಾಗಿ, ಅವರು ಎಷ್ಟು ವಾದಿಸಿದರೂ ಇಬ್ಬರು ವರದಿಗಾರರು ಕೆಲಸ ಕಳೆದುಕೊಂಡಾಗ ಅವರ ಮನಸ್ಸು ಮುದುಡಿತು.

ಹಾಗಿರುವಾಗ, ಬಸ್ಸೊಂದು ಗೋಡೆಗೆ ಗುದ್ದಿದ ಸುದ್ದಿ ‘ಚಾಲಕನ ನಿರ್ಲಕ್ಷ್ಯ’ ಎಂಬ ತಲೆಬರಹದಡಿ ಮುಖಪುಟದಲ್ಲಿ ಬಂತು. ಪೊಲೀಸ್ ಪ್ರಕಟಣೆಯಲ್ಲಿದ್ದ ‘ಶಂಕೆ’ ಎಂಬ ಮಾತನ್ನು ಯಂತ್ರ ಕೈಬಿಟ್ಟಿತ್ತು. ಮರುದಿನ ಚಾಲಕರ ಹೆಂಡತಿ ಪತ್ರಿಕೆ ಹಿಡಿದು ಕಚೇರಿಗೆ ಬಂದರು. ಗಂಡ ಕಾಲು ಮುರಿದುಕೊಂಡು ಮಲಗಿದ್ದಾರೆಂದೂ, ಬಸ್ ಸಂಸ್ಥೆಯವರು ಈ ಸುದ್ದಿ ತೋರಿಸಿಯೇ ಅಮಾನತು ಮಾಡಿದ್ದಾರೆಂದೂ ಹೇಳಿ, ಕೊನೆಗೆ ಕೇಳಿದರು:

“ಇದನ್ನ ಬರೆದೋರು ಯಾರು? ಅವರನ್ನ ಒಂದ್ಸಲ ಮಾತಾಡಿಸ್ಬೇಕು.”

ದೊಡ್ಡಕ್ಕ ಕುರ್ಚಿ ಎಳೆದು ಅವರನ್ನು ಕೂರಿಸಿ, “ಪತ್ರಿಕೆಗೆ ನಾನೇ ಹೊಣೆ, ತಾಯಿ. ನನ್ನನ್ನೇ ಕೇಳಿ” ಎಂದರು.

ಅಂದೇ ಆಸ್ಪತ್ರೆಗೆ, ಅಲ್ಲಿಂದ ಡಿಪೋಗೆ, ಆಮೇಲೆ ಪ್ರಯಾಣಿಕರ ಮನೆಗಳಿಗೆ ಹೋದರು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದಾಗ, ಕೆಳಗಿದ್ದ ಜನರ ಮೇಲೆ ಬಸ್ಸು ನುಗ್ಗದಿರಲೆಂದು ಚಾಲಕರೇ ಗೋಡೆಯತ್ತ ತಿರುಗಿಸಿದ್ದರು. ಬ್ರೇಕ್ ಸರಿಯಿಲ್ಲವೆಂದು ಅವರು ಮೊದಲೇ ದೂರಿದ್ದನ್ನು ಮೆಕ್ಯಾನಿಕ್ ಕೂಡ ಒಪ್ಪಿಕೊಂಡರು. ತಿದ್ದುಪಡಿಗೆ ಒಳಪುಟದಲ್ಲಿ ಎರಡು ಸಾಲು ಸಾಕೆಂದು ಮಾಲೀಕರು ಹೇಳಿದರು.

“ಊರೆಲ್ಲ ಓದೋ ಜಾಗದಲ್ಲಿ ಮಾನ ಕಳೆದಿದ್ದೀವಿ ಸರ್, ಅಲ್ಲೇ ವಾಪಸ್ ಕೊಡಬೇಕು. ಆಗಲ್ಲ ಅಂದ್ರೆ ನಾಳೆಯಿಂದ ನಾನು ಬರಲ್ಲ” ಎಂದರು ದೊಡ್ಡಕ್ಕ.

ಮಾಲೀಕರು ಮಣಿದರು. ಮುಖಪುಟದಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ನಿಜ ಸಂಗತಿ ಅಚ್ಚಾಯಿತು. ವಿಚಾರಣೆ ನಡೆದು, ಕಾಲು ಕೂಡಿದ ಮೇಲೆ ಚಾಲಕರು ಮತ್ತೆ ಬಸ್ಸು ಹತ್ತಿದರು. ಆರೋಪ ಹೊತ್ತವರ ಮಾತು ಕೇಳದೆ ಯಾವ ಸುದ್ದಿಯೂ ಅಚ್ಚಿಗೆ ಹೋಗಬಾರದೆಂಬ ನಿಯಮ ಬಂತು. ಹಾಗೆ ಕೇಳಲು ಜನ ಬೇಕಾದ್ದರಿಂದ ಆ ಇಬ್ಬರು ವರದಿಗಾರರೂ ಮರಳಿದರು. ಯಂತ್ರ ಈಗಲೂ ಅಂಕಗಳನ್ನು ಚೆನ್ನಾಗಿಯೇ ಬರೆಯುತ್ತಿದೆ.

ನಿವೃತ್ತಿಯೆಂದರೆ ವಿಶ್ರಾಂತಿಯೆಂದು ದೊಡ್ಡಕ್ಕನಿಗೆ ಯಾರೂ ಹೇಳಿಕೊಟ್ಟಂತಿಲ್ಲ. ತಮ್ಮ ಸ್ಥಾನಕ್ಕೆ ಬರುತ್ತಿರುವ ಶಿಷ್ಯೆಯ ಬಳಿ ಹೋಗಿ, ಕಾರ್ಮಿಕ ನ್ಯಾಯಾಲಯದ ವರದಿಗಾರಿಕೆಯನ್ನು ಕೇಳಿ ಪಡೆದಿದ್ದಾರೆ. ಅವರ ಕಾಲಿನ ಕಸುವು, ಕಣ್ಣಿನ ಹೊಳಪು ನೂರ್ಕಾಲ ಕುಂದದಿರಲಿ; ಅವರ ವರದಿಯನ್ನು ತಿದ್ದುವ ಧೈರ್ಯ ಆ ಶಿಷ್ಯೆಗೆ ಬರಲಿ.