ಹಿಮದಲ್ಲಿ ನಿಂತ ಪಟೇಲರು

ಜಯನಗರ ಹೊಸ ಬಡಾವಣೆಯಾಗಿದ್ದ ಕಾಲದಲ್ಲಿ ಅಲ್ಲಿ ಚಕ್ರವರ್ತಿಗೂ ಪೋಪರಿಗೂ ಮಾತು ನಿಂತಿತು. ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ಆಡಿಸುತ್ತಿದ್ದ, ಪೋಪರ ಕ್ಷಮೆಗಾಗಿ ಚಕ್ರವರ್ತಿಯೊಬ್ಬ ಹಿಮದಲ್ಲಿ ಕಾದ ಯುರೋಪಿನ ಚರಿತ್ರೆಯ ನಾಟಕದಲ್ಲಿ ಕತ್ರಿಗುಪ್ಪೆಯ ಪಟೇಲರು ಚಕ್ರವರ್ತಿ, ನಮ್ಮ ಹೆಡ್‌ಮಾಸ್ತರು ಪೋಪ್.

ಪಟೇಲರು ಮುನಿಸಿಕೊಂಡಿದ್ದರು. “ಪೂಜಾರಿ ಬಾಗಿಲಲ್ಲಿ ನಾನು ಬರಿಗಾಲಲ್ಲಿ ಕಾಯೋದಾ ಮೇಷ್ಟ್ರೇ? ನಮ್ಮೂರಲ್ಲಿ ಪ್ರಸಾದಾನೇ ಮನೆಗೆ ಬರ್ತದೆ.”

“ಪೋಪ್ ಕ್ಷಮಿಸದಿದ್ರೆ ನಿಮ್ಮ ಕಿರೀಟ ಹೋಗುತ್ತೆ, ಪಟೇಲರೇ.”

ಕಿರೀಟದ ಮೇಲೆ ಆಸೆಯಿತ್ತು, ಒಪ್ಪಿದರು.

ನಾಟಕದ ದಿನ ಹತ್ತಿಯ ಹಿಮದ ಮೇಲೆ ನಿಂತು ಕ್ಷಮೆ ಬೇಡಿದರು. ನಾನು ಹೇಳಿಕೊಟ್ಟಂತೆ ಪೋಪ್ ಮುಖ ತಿರುಗಿಸಿದರು. ಮುಂದಿನ ಸಾಲಿನಲ್ಲಿ ಪಟೇಲರ ತಾಯಿ ಎದ್ದು ನಿಂತು ಪೋಪರನ್ನೇ ಕೇಳಿದರು: “ಏನ್ ಮೇಷ್ಟ್ರೇ, ಮಗು ಚಳೀಲಿ ನಿಂತೈತೆ, ಒಳಕ್ಕೆ ಕರೀಬಾರ್ದಾ?”

ಪೋಪ್ ಪೀಠ ಇಳಿದು ಬಂದು, ತಮ್ಮ ಶಾಲು ಹೊದಿಸಿ, ಚಕ್ರವರ್ತಿಯ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ನಾಟಕ ಎರಡು ದೃಶ್ಯ ಮೊದಲೇ ಮುಗಿಯಿತು.